ಬೆರಳಲ್ಲಿ ಬಲವಿಲ್ಲ, ಮೊದಲ ಪಿಸ್ತೂಲು ಯಾವುದು?

ಪ್ರಶ್ನೆ: ನಮಸ್ಕಾರ ಸರ್. ನನಗೆ 58 ವರ್ಷ. ಹ್ಯೂಸ್ಟನ್ ಹತ್ತಿರ ಇದ್ದೇವೆ, ಗ್ರೀನ್ ಕಾರ್ಡ್ ಇದೆ. ಊರು ಮಡಿಕೇರಿ ಕಡೆ. ಚಿಕ್ಕವಳಿದ್ದಾಗ ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ದಿನ ಅಪ್ಪನ ಕೋವಿಯಿಂದ ತೆಂಗಿನಕಾಯಿಗೆ ಗುಂಡು ಹೊಡೆದದ್ದುಂಟು. ಪಿಸ್ತೂಲು ಮಾತ್ರ ಮುಟ್ಟಿಲ್ಲ. ಈಗ ಹೆಬ್ಬೆರಳ ಬುಡದಲ್ಲಿ ಸಂಧಿವಾತ. ಉಪ್ಪಿನಕಾಯಿ ಬಾಟಲಿ ಮುಚ್ಚಳ ತೆಗೆಯಲೂ ಮಗನನ್ನು ಕರೆಯಬೇಕು. ಮನೆಯಲ್ಲಿ ಒಂದಿರಲಿ ಎಂದು ಅಂಗಡಿಗೆ ಹೋದೆ. ಅಲ್ಲಿಯವನು ಅಂಗೈಯಗಲದ ರಿವಾಲ್ವರ್ ಕೈಗಿಟ್ಟು, ಹೆಂಗಸರಿಗೆ ಇದೇ ಸರಿ ಎಂದ. ಟ್ರಿಗರ್ ಎಳೆಯೋಕೇ ಆಗಲಿಲ್ಲ. ಏನು ತಗೊಳ್ಳಲಿ?

ಉತ್ತರ (ರೇಂಜ್ ಇನ್‌ಸ್ಟ್ರಕ್ಟರ್, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗದಲ್ಲಿ ಕಲಿಸುವವರು): ನಮಸ್ಕಾರ ಅಮ್ಮ. ತಪ್ಪು ನಿಮ್ಮ ಕೈಯದಲ್ಲ. ಅಂಥ ರಿವಾಲ್ವರಿನ ಟ್ರಿಗರ್ ಎಳೆಯಲು ಸುಮಾರು 5 ಕೆಜಿ ಬಲ ಬೇಕು. ಜೊತೆಗೆ ಗನ್ ಹಗುರವಾದಷ್ಟೂ ಒದೆತ ಜಾಸ್ತಿ. ಕೋವಿಯ ಒದೆತವನ್ನು ನಿಮ್ಮ ಭುಜ ತಡೆದುಕೊಂಡಿತ್ತು. ಇಲ್ಲಿ ಎಲ್ಲವೂ ಮಣಿಕಟ್ಟು, ಹೆಬ್ಬೆರಳಿನ ಮೇಲೆಯೇ. ಸಣ್ಣ ಗನ್ ಸುಲಭ ಅನ್ನೋದು ಕೌಂಟರಿನಾಚೆಯ ಮಾತು ಅಷ್ಟೇ.

ಸೆಮಿ ಆಟೊಮ್ಯಾಟಿಕ್ಕಿನಲ್ಲಿ (ಒಂದು ಗುಂಡು ಹಾರಿದ ಮೇಲೆ ಮುಂದಿನದನ್ನು ತಾನೇ ತುಂಬಿಕೊಳ್ಳುವ ಪಿಸ್ತೂಲು) ಟ್ರಿಗರ್ ಹಗುರ, ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲಿನ ಭಾಗ) ಎಳೆಯೋದೇ ಕಷ್ಟ. ಇಲ್ಲೂ ಒಂದು ಮೋಸ ಇದೆ. .380, 9 ಎಂಎಂ ಎರಡೂ ಗುಂಡಿನ ಅಳತೆಗಳು. .380ರ ಬಲ 9 ಎಂಎಂಗಿಂತ ಕಮ್ಮಿ, ಹಾಗಾಗಿ ಯಾವ .380 ಆದರೂ ನಡೆಯುತ್ತದೆ ಅಂದುಕೊಳ್ಳುತ್ತಾರೆ. ವಾಲ್ಥರ್ ಪಿಪಿಕೆ ತರದ ಹಳೆ ವಿನ್ಯಾಸದಲ್ಲಿ ಸ್ಲೈಡನ್ನು ತಡೆದಿಡಲು ಸ್ಪ್ರಿಂಗ್ ಮತ್ತು ಸ್ಲೈಡಿನ ತೂಕ ಬಿಟ್ಟರೆ ಬೇರೇನೂ ಇಲ್ಲ. ಅದಕ್ಕೇ ಸ್ಪ್ರಿಂಗ್ ಕಲ್ಲಿನ ಹಾಗೆ. ಬ್ಯಾರಲ್ (ನಳಿಗೆ) ಮತ್ತು ಸ್ಲೈಡ್ ಒಂದಕ್ಕೊಂದು ಲಾಕ್ ಆಗುವ ವಿನ್ಯಾಸದಲ್ಲಿ ಸ್ಪ್ರಿಂಗ್ ಮೆತ್ತಗಿದ್ದರೂ ಸಾಕು. ಸ್ಮಿತ್ ಅಂಡ್ ವೆಸನ್ 2018ರಲ್ಲಿ ತಂದ .380 ಶೀಲ್ಡ್ ಈಝಿ ಅಂಥದ್ದು, ನಿಮ್ಮಂಥ ಕೈಗೆಂದೇ ಮಾಡಿದ್ದು. ಎಂಟು ಗುಂಡಿನ ಮ್ಯಾಗಜಿನ್ (ಗುಂಡು ತುಂಬುವ ಪೆಟ್ಟಿಗೆ). ಅದರ ಪಕ್ಕದ ಗುಬುಟನ್ನು ಕೆಳಗೆ ಒತ್ತಿ ಹಿಡಿದರೆ ಗುಂಡು ತುಂಬಲು ಹೆಬ್ಬೆರಳು ನೋಯಬೇಕಿಲ್ಲ. ಇದರದೇ 9 ಎಂಎಂ ಆಮೇಲೆ ಬಂತು, ಒದೆತ ಸ್ವಲ್ಪ ಜಾಸ್ತಿ.

ಸ್ಲೈಡನ್ನು ಎರಡು ಬೆರಳಲ್ಲಿ ಚಿವುಟಿ ಎಳೆಯಬೇಡಿ. ಖಾಲಿ ಗನ್ನನ್ನು ಎದೆಗೆ ಹತ್ತಿರ ತನ್ನಿ. ಗನ್ನಿನ ಬಾಯಿ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗಿರಲಿ. ಎಡಗೈಯ ನಾಲ್ಕೂ ಬೆರಳು, ಅಂಗೈ ಸೇರಿಸಿ ಸ್ಲೈಡನ್ನು ಮೇಲಿನಿಂದ ಹಿಡಿಯಿರಿ. ಎಡಗೈ ಅಲುಗಬಾರದು, ಬಲಗೈಯಿಂದ ಗನ್ನನ್ನು ಮುಂದಕ್ಕೆ ದೂಡಿ. ಆಗ ಕೆಲಸ ಭುಜಕ್ಕೆ ಹೋಗುತ್ತದೆ. ಕೊಳ್ಳುವ ಮೊದಲು ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಂಡು ಐವತ್ತು ಗುಂಡು ಹೊಡೆದು ನೋಡಿ. ಅಂಗಡಿಯಲ್ಲಿ ಒಂದು ಸಲ ಎಳೆದದ್ದು ಲೆಕ್ಕಕ್ಕಿಲ್ಲ, ಸಂಧಿವಾತ ಇಪ್ಪತ್ತನೇ ಸಲಕ್ಕೆ ಮಾತಾಡುತ್ತದೆ.

ಇನ್ನೊಬ್ಬರು: ಸರ್, ಮಧ್ಯೆ ಬಾಯಿ ಹಾಕ್ತಿದ್ದೀನಿ. ನನ್ನದು ಎಚ್-1ಬಿ, ಹೆಂಡತಿಯದು ಎಚ್-4. ಸುಮ್ನೆ ಬಾಡಿಗೆ ಗನ್ ಹೊಡೆಯೋಕೆ ರೇಂಜಿಗೆ ಹೋಗಬಹುದಾ?

ಉತ್ತರ: ಹಾಗೇ ಹೋಗಬೇಡಿ. ಈ ಎರಡೂ ವೀಸಾದವರು ಗನ್ನು, ಗುಂಡು ಎರಡನ್ನೂ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಇಲ್ಲಿನ ಫೆಡರಲ್ ಕಾನೂನು. ಬಾಡಿಗೆಗೆ ಕೈಯಲ್ಲಿ ಹಿಡಿದದ್ದೂ ಅದರಲ್ಲೇ ಬರಬಹುದು. ಕೆಲವು ವಿನಾಯಿತಿಗಳಿವೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಅದರಲ್ಲಿ ಒಂದು. ಇಬ್ಬರಿಗೂ ಬೇರೆ ಬೇರೆ ಬೇಕು. ಗ್ರೀನ್ ಕಾರ್ಡ್ ಇರುವ ಗೆಳೆಯನ ಹೆಸರಲ್ಲಿ ಕೊಳ್ಳೋ ಯೋಚನೆಯಂತೂ ಬೇಡವೇ ಬೇಡ, ಅದು ಜೈಲಿನ ದಾರಿ. ಮೊದಲು ನಿಮ್ಮ ಇಮಿಗ್ರೇಷನ್ ವಕೀಲರನ್ನು ಕೇಳಿ.

ಮೊದಲು ಕೇಳಿದವರು: ರೇಂಜಿಗೆ ಹೋಗಿ ಈಝಿ ಬಾಡಿಗೆಗೆ ತಗೊಂಡು ನೋಡಿದೆ ಸರ್. ನೀವು ಹೇಳಿದಂತೆ ದೂಡಿದೆ, ಸ್ಲೈಡ್ ಬಂತು! ಆದರೆ ಮೂರು ಸಲ ಟ್ರಿಗರ್ ಒತ್ತಿದರೂ ಗುಂಡು ಹಾರಲಿಲ್ಲ. ಗನ್ ಕೆಟ್ಟಿತ್ತಾ?

ಉತ್ತರ: ಬಹುಶಃ ಇಲ್ಲಮ್ಮ. ಈಝಿಯ ಹಿಡಿಯ ಹಿಂದೆ ಒಂದು ಸೇಫ್ಟಿ ಇದೆ. ಅಂಗೈ ಅದನ್ನು ಒತ್ತದಿದ್ದರೆ ಟ್ರಿಗರ್ ಕೆಲಸ ಮಾಡಲ್ಲ. ನೋವಿಗೆ ಹೆದರಿ ಹಿಡಿತ ಸಡಿಲ ಬಿಟ್ಟಿರುತ್ತೀರಿ. ಕೈಯನ್ನು ಆದಷ್ಟು ಮೇಲಕ್ಕೆ ಒಯ್ದು ಹಿಡಿಯಿರಿ. ಸಡಿಲ ಹಿಡಿತದಲ್ಲಿ ಗುಂಡು ಹಾರಿದ ಮೇಲೂ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಸಿಕ್ಕಿಕೊಳ್ಳುತ್ತದೆ. ಆಗಲೂ ನೋವಾದರೆ ಟಾರಸ್ ಟಿಎಕ್ಸ್ 22 ಬಾಡಿಗೆಗೆ ಕೇಳಿ. .22 ಗುಂಡು, ಒದೆತ ಇಲ್ಲವೆಂದೇ ಅನ್ನಿ. ಶಕ್ತಿ ಕಮ್ಮಿ, ಆಗಾಗ ಒಂದು ಗುಂಡು ಹತ್ತದೆ ಠುಸ್ ಅನ್ನುವುದೂ ಉಂಟು. ವಾರದ ದಿನ ಬೆಳಿಗ್ಗೆ ರೇಂಜ್ ಸಾಮಾನ್ಯವಾಗಿ ಖಾಲಿ ಇರುತ್ತದೆ. ಮಾತ್ರೆ ತಗೊಂಡೇ ಹೋಗಿ, ಆದರೆ ಮಂಪರು ಬರಿಸುವಂಥದ್ದು ಬೇಡ.