ಪದಚರ್ಚೆ: ಕಳ್ಳಪ್ರಸಾರವೋ, ಅಕ್ರಮ ಪ್ರಸಾರವೋ, ಮರುಪ್ರಸಾರವೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕ್ರೀಡಾ ಪ್ರಸಾರದ ಹಕ್ಕುಗಳನ್ನು ಕುರಿತ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಡೆಯುತ್ತಿರುವ ಪಂದ್ಯವನ್ನು ಹಕ್ಕಿಲ್ಲದವರು ಅಂತರ್ಜಾಲದಲ್ಲಿ ತೋರಿಸುವ ಕೆಲಸಕ್ಕೆ ಏನೆನ್ನಬೇಕು ಎಂಬಲ್ಲಿ ಲೇಖನಿ ನಿಂತಿದೆ. ‘ಪೈರಸಿ’, ‘ಅಕ್ರಮ ಪ್ರಸಾರ’, ‘ಅನಧಿಕೃತ ಪ್ರಸಾರ’, ‘ನಕಲಿ ಪ್ರಸಾರ’, ಕೆಲವೊಮ್ಮೆ ‘ಕೃತಿಚೌರ್ಯ’ ಕೂಡ ಕಣ್ಣಿಗೆ ಬಿದ್ದಿವೆ. ಕೊನೆಯ ಎರಡನ್ನು ಮೊದಲೇ ಬದಿಗಿಡುತ್ತೇನೆ. ಕೃತಿಚೌರ್ಯವೆಂದರೆ ಪರರ ಬರಹವನ್ನು ತನ್ನದೆಂದು ಹೇಳಿಕೊಳ್ಳುವುದು. ಇಲ್ಲಿ ಯಾರೂ ಪಂದ್ಯವನ್ನು ತಾವೇ ಆಡಿಸಿದೆವೆಂದು ಹೇಳುತ್ತಿಲ್ಲ. ನಕಲಿ ಎನ್ನಲೂ ಬಾರದು, ಕಾಣುವ ಆಟ ಅಸಲಿಯೇ.

‘ಅಕ್ರಮ’ದ ಬಗ್ಗೆ ನನ್ನ ತಕರಾರು ಬೇರೆ. ನಮ್ಮ ರಾಜ್ಯದಲ್ಲಿ ಆ ಪದ ಕಿವಿಗೆ ಬಿದ್ದೊಡನೆ ಅದರ ಬೆನ್ನಿಗೇ ‘ಸಕ್ರಮ’ ಬರುತ್ತದೆ. ಬಗರ್ ಹುಕುಂ ಸಾಗುವಳಿ ಇರಲಿ, ನಕ್ಷೆ ಮೀರಿ ಕಟ್ಟಿದ ಮನೆ ಇರಲಿ, ಅರ್ಜಿ ಹಾಕಿ ದಂಡ ಕಟ್ಟಿದರೆ ಇಂದಲ್ಲ ನಾಳೆ ಸರಿಹೋಗಬಹುದಾದದ್ದು ಎಂಬ ಭಾವ ಅದಕ್ಕೆ ಅಂಟಿಕೊಂಡಿದೆ. ನಿನ್ನೆ ರಾತ್ರಿಯ ಪಂದ್ಯದ ಪ್ರಸಾರವನ್ನು ನಾಳೆ ಸಕ್ರಮ ಮಾಡಿ ಪ್ರಯೋಜನವಿಲ್ಲ.

ಆದ್ದರಿಂದ ನನ್ನ ಒಲವು ‘ಕಳ್ಳಪ್ರಸಾರ’ದ ಕಡೆಗೆ. ಆದರೆ ಈ ‘ಕಳ್ಳ’ ಎಲ್ಲ ಕಡೆಯೂ ಒಂದೇ ಅರ್ಥ ಕೊಡುವುದಿಲ್ಲ. ಕಳ್ಳಗಿಂಡಿ, ಕಳ್ಳದಾರಿಗಳಲ್ಲಿ ಅದು ಗುಟ್ಟು; ಕಳ್ಳನೋಟಿನಲ್ಲಿ ಖೋಟಾ; ಕಳ್ಳಬಟ್ಟಿಯಲ್ಲಿ ಪರವಾನಗಿ ಇಲ್ಲದ್ದು. ಕಳ್ಳಬಟ್ಟಿಯವನು ಬೆಲ್ಲ ತನ್ನದೇ ಹಾಕಿ, ಕಾಯಿಸುವುದನ್ನೂ ತಾನೇ ಕಾಯಿಸುತ್ತಾನೆ. ಪ್ರಸಾರದ ಕಳ್ಳನಾದರೋ ಒಲೆಯನ್ನೇ ಹಚ್ಚುವುದಿಲ್ಲ. ಕ್ಯಾಮೆರಾ, ವೀಕ್ಷಕ ವಿವರಣೆ, ಉಪಗ್ರಹದ ಖರ್ಚು ಎಲ್ಲವೂ ಬೇರೆಯವರದು. ಹಾಗಾಗಿ ಮಲೆನಾಡಿನ ‘ಕಳ್ಳನಾಟಾ’ ಹೆಚ್ಚು ಹತ್ತಿರದ ಹೋಲಿಕೆ: ಮರ ನಿಜವಾದದ್ದು, ಬೆಳೆಸಿದವರು ಬೇರೆ, ಸಾಗಿಸಿದವನು ಬೇರೆ. ನಾಟಾ ಹೋದರೆ ಕಾಡಿನಲ್ಲಿ ಬೊಡ್ಡೆಯಷ್ಟೇ ಉಳಿಯುತ್ತದೆ, ಪ್ರಸಾರ ಮೂಲದಲ್ಲಿ ಹಾಗೆಯೇ ಇರುತ್ತದಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ, ‘ಕದ್ದಾಲಿಕೆ’ಯನ್ನು ನೆನಪಿಸುತ್ತೇನೆ. ಅಲ್ಲಿಯೂ ಮಾತು ಆಡಿದವರ ಬಳಿಯೇ ಉಳಿದಿರುತ್ತದೆ. ಆದರೂ ಕನ್ನಡ ಅದನ್ನು ಕದಿಯುವುದೆಂದೇ ಕರೆದಿದೆ. (‘ಕಳ್ಳಬಿತ್ತರ’ ಎಂದೂ ಯೋಚಿಸಿದೆ. ‘ಬಿತ್ತರ’ವು ‘ವಿಸ್ತರ’ದ ತದ್ಭವ, ‘ಬಿತ್ತು’ವಿಗೂ ಅದಕ್ಕೂ ನಂಟಿಲ್ಲವೆಂದು ಗೊತ್ತಿದ್ದರೂ ಓದುವಾಗ ಕಳಪೆ ಬೀಜದ ಸುದ್ದಿಯಂತೆ ಕೇಳಿಸಿತು.)

ಕಾನೂನಿನ ಪದ ಇನ್ನೊಂದು ತೊಡಕು. 1957ರ ಕೃತಿಸ್ವಾಮ್ಯ ಅಧಿನಿಯಮದ 37ನೆಯ ಪ್ರಕರಣವು ಪ್ರಸಾರ ಸಂಸ್ಥೆಗಳಿಗೆ 25 ವರ್ಷಗಳ ವಿಶೇಷ ಹಕ್ಕನ್ನು ಕೊಡುತ್ತದೆ. ಒಪ್ಪಿಗೆಯಿಲ್ಲದೆ ಅವರ ಪ್ರಸಾರವನ್ನು ಮತ್ತೆ ಪ್ರಸಾರ ಮಾಡುವುದು, ಹಣ ಪಡೆದು ಸಾರ್ವಜನಿಕರಿಗೆ ತೋರಿಸುವುದು, ಮುದ್ರಿಸಿಕೊಳ್ಳುವುದು ಇವೆಲ್ಲ ಆ ಹಕ್ಕಿನ ಉಲ್ಲಂಘನೆ. ಮೊದಲನೆಯದನ್ನು ‘ಮರುಪ್ರಸಾರ’ ಎಂದರೆ, ನಿನ್ನೆಯ ಕಾರ್ಯಕ್ರಮವನ್ನು ಇಂದು ಬೆಳಿಗ್ಗೆ ಮತ್ತೆ ಹಾಕುವುದು ಎಂದೇ ನಮ್ಮ ಓದುಗರು ತಿಳಿಯುತ್ತಾರೆ. ಕಾನೂನು ಹೇಳುತ್ತಿರುವುದರಲ್ಲಿ ಅದೇ ಕ್ಷಣಕ್ಕೆ ಇನ್ನೊಂದು ಕಡೆಯಿಂದ ಹರಡುವುದೂ ಸೇರಿದೆ. ಅಲ್ಲಿ ಪಟ್ಟಿಯಾಗಿರುವ ಕೆಲಸಗಳು ತೋರಿಸುವವನವೇ ಹೊರತು ಮನೆಯಲ್ಲಿ ಕುಳಿತು ನೋಡುವವನವಲ್ಲ. ‘ಕಳ್ಳಪ್ರಸಾರ’ವೂ ಬೆರಳನ್ನು ಸರಿಯಾದವನ ಕಡೆಗೇ ತೋರುತ್ತದೆ ಎಂಬುದು ನನಗೆ ಕಂಡ ಒಂದು ಗುಣ.

ನೋಡುವವರ ಬಾಯಲ್ಲಿ ಮಾತ್ರ ಇದಕ್ಕೆಲ್ಲ ಇರುವುದು ಒಂದೇ ಪದ: ‘ಲಿಂಕ್’. 2025ರ ಜೂನ್ 3ರ ರಾತ್ರಿ ಐಪಿಎಲ್ ಫೈನಲ್ಲನ್ನು ನಮ್ಮ ಅಕ್ಕನ ಮಗ ಅಂಥದೊಂದು ಲಿಂಕಿನಲ್ಲಿ ನೋಡುತ್ತಿದ್ದ. ವಾಹಿನಿಯ ಲಾಂಛನದ ಮೇಲೆ ಮಸುಕು ಬಳಿದಿತ್ತು. ಬೆಟ್ಟಿಂಗ್ ಜಾಹೀರಾತನ್ನು ಮುಚ್ಚಲು ಒತ್ತಿದರೆ ಇನ್ನೊಂದು ತೆರೆದುಕೊಳ್ಳುತ್ತಿತ್ತು. ಅವನ ಮೊಬೈಲಿನಲ್ಲಿ ಕೊನೆಯ ಓವರು ಇನ್ನೂ ಶುರುವಾಗಿರಲಿಲ್ಲ, ಬೀದಿಯಲ್ಲಿ ಪಟಾಕಿ ಹೊಡೆದರು. ಬೆಂಗಳೂರು ಪಂಜಾಬನ್ನು 6 ರನ್ನುಗಳಿಂದ ಸೋಲಿಸಿಯಾಗಿತ್ತು. “ಮಾಮ, ಅವರದು ಲೈವು, ನಮ್ಮದು ಲಿಂಕು” ಎಂದ. ಅರ್ಥಭೇದವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ನನ್ನಿಂದಾಗದು.

ನೇರಪ್ರಸಾರದ ಬೆಲೆಯೆಲ್ಲ ಇರುವುದು ಆ ಕೆಲವು ಗಂಟೆಗಳಲ್ಲಿ. ಐಪಿಎಲ್‌ನ 2023ರಿಂದ 2027ರವರೆಗಿನ ಹಕ್ಕುಗಳು ಸುಮಾರು 48,390 ಕೋಟಿ ರೂಪಾಯಿಗೆ ಹೋದವು. ಕೊಂಡವರು ಅದನ್ನು ಚಂದಾ ಮತ್ತು ಜಾಹೀರಾತುಗಳಿಂದಲೇ ಹುಟ್ಟಿಸಬೇಕು. ಕದ್ದ ಸಿನಿಮಾವನ್ನು ಮುಂದಿನ ವಾರವೂ ದುಡ್ಡು ಕೊಟ್ಟು ನೋಡುವವರು ಇರುತ್ತಾರೆ, ಫಲಿತಾಂಶ ಗೊತ್ತಾದ ಪಂದ್ಯಕ್ಕೆ ಅಷ್ಟು ಗಿರಾಕಿಗಳಿಲ್ಲ. ಹಾಗೆಂದು ‘ಪುಕ್ಕಟೆ ಪ್ರಸಾರ’ವನ್ನು ಕಳ್ಳಪ್ರಸಾರದ ಪರ್ಯಾಯವಾಗಿ ಬಳಸುವುದು ತಪ್ಪು; 2023ರ ಐಪಿಎಲ್ಲನ್ನು ಜಿಯೊಸಿನಿಮಾ ಹಕ್ಕು ಕೊಂಡೇ ಪುಕ್ಕಟೆ ತೋರಿಸಿತ್ತು.

ಈ ಅವಸರದಿಂದಲೇ ನ್ಯಾಯಾಲಯಗಳಲ್ಲಿ ಹೊಸ ಪದಗಳು ಹುಟ್ಟಿವೆ. 2002ರ ಫುಟ್‌ಬಾಲ್ ವಿಶ್ವಕಪ್ಪಿನ ವೇಳೆ ಟೆನ್ ಸ್ಪೋರ್ಟ್ಸ್ ವಾಹಿನಿಯನ್ನು ಪರವಾನಗಿಯಿಲ್ಲದೆ ತೋರಿಸುತ್ತಿದ್ದ, ಹೆಸರು ಗೊತ್ತಿಲ್ಲದ ಕೇಬಲ್‌ನವರ ವಿರುದ್ಧವೂ ದೆಹಲಿ ಹೈಕೋರ್ಟು ಆದೇಶ ನೀಡಿತು. ಅಂಥವನ್ನು ‘ಜಾನ್ ಡೋ’ ಅಥವಾ ‘ಅಶೋಕ್ ಕುಮಾರ್’ ಆದೇಶ ಎನ್ನುತ್ತಾರೆ. ಎಂಕ, ನಾಣಿ, ಸೀನರ ನಾಡಿನವರಾದ ನಾವು ‘ಅನಾಮಿಕರ ವಿರುದ್ಧದ ಆದೇಶ’ ಎಂದರೆ ಸಾಕೇನೋ. 2019ರಲ್ಲಿ ಅದೇ ನ್ಯಾಯಾಲಯ, ತಡೆದ ತಾಣವೇ ಬೇರೆ ವಿಳಾಸದಲ್ಲಿ ತಲೆಯೆತ್ತಿದರೆ ಹೊಸ ದಾವೆಯಿಲ್ಲದೆ ತಡೆಯನ್ನು ಅದಕ್ಕೂ ವಿಸ್ತರಿಸಲು ದಾರಿ ಮಾಡಿತು. ಈ ‘ಡೈನಾಮಿಕ್’ ತಡೆಯಾಜ್ಞೆಯನ್ನು ‘ಕ್ರಿಯಾತ್ಮಕ’ ಎಂದರೆ ಏನೂ ತಿಳಿಯುವುದಿಲ್ಲ. ‘ಬೆನ್ನಟ್ಟುವ ತಡೆಯಾಜ್ಞೆ’ ಎಂದು ಬರೆದಿದ್ದೇನೆ, ಅತಿಯಾಯಿತೆ?

ಕ್ರಿಯಾಪದವೂ ಬೇಕಾಗಿದೆ. ‘ವಿಡಿಯೊ ಹರಿಬಿಟ್ಟರು’ ಎಂಬ ಪತ್ರಿಕಾ ಬಳಕೆಯಲ್ಲಿ ‘ಹರಿಬಿಡು’ವಿಗೆ ಆಗಲೇ ಮಾಡಬಾರದ್ದನ್ನು ಮಾಡಿದ ಛಾಯೆ ಬಂದಿರುವುದರಿಂದ, ‘ಪಂದ್ಯವನ್ನು ಹರಿಬಿಡುವ ತಾಣಗಳು’ ಎಂದರೆ ಸ್ಟ್ರೀಮಿಂಗ್ ಎಂಬ ಅರ್ಥವೂ ಕಳ್ಳತನದ ಸೂಚನೆಯೂ ಒಟ್ಟಿಗೆ ಸಿಗುತ್ತವೆ ಎಂದು ನನ್ನ ಎಣಿಕೆ. ಅಧಿಕೃತ ಸ್ಟ್ರೀಮಿಂಗಿಗೆ ಆಗ ಅದನ್ನು ಬಳಸುವಂತಿಲ್ಲ. ಇನ್ನೊಂದು: ವಿದ್ಯುತ್ ಕಂಬದ ತಂತಿಗೆ ‘ಕೊಕ್ಕೆ ಹಾಕುವುದು’ ಎನ್ನುತ್ತೇವಲ್ಲ, ಕೇಬಲ್ ಕಾಲದಲ್ಲಿ ಪಕ್ಕದ ಮನೆಯ ಸಂಪರ್ಕದಿಂದ ಗುಟ್ಟಾಗಿ ಎಳೆದುಕೊಳ್ಳುವುದಕ್ಕೆ ನಿಮ್ಮ ಊರಿನ ಕಡೆ ಏನೆನ್ನುತ್ತಿದ್ದರು? ಉತ್ತರ ಕರ್ನಾಟಕದ ಮತ್ತು ಕರಾವಳಿಯ ಸದಸ್ಯರು ದಯವಿಟ್ಟು ತಿಳಿಸಬೇಕು.