ಎರಡನೆಯ ಬ್ಯಾಟರಿಯೂ ಕೈಕೊಟ್ಟಿತು: ಮಳೆಗಾಲಕ್ಕೆ ಲಿಥಿಯಂ ಹಾಕಿಸಲೇ?

ಹೆಂಚಿನಮನೆ, ಮೇಗರವಳ್ಳಿ
ಮೂರು ವರ್ಷದಲ್ಲಿ ಇದು ಎರಡನೆಯ ಬ್ಯಾಟರಿ. ಮೊದಲನೆಯದು ಹದಿನಾಲ್ಕು ತಿಂಗಳಿಗೇ ಮುಗಿಯಿತು. ಈಗಿನ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್, ಅಂದರೆ ಸೀಸ-ಆಮ್ಲದ ಬ್ಯಾಟರಿ ಕೂಡ ಅದೇ ದಾರಿ ಹಿಡಿದಿದೆ. ಆರಿದ್ರಾ ಮಳೆ ಹಿಡಿದ ದಿನದಿಂದ ರಾತ್ರಿ ಎಂಟೂವರೆಗೆಲ್ಲ ಇನ್ವರ್ಟರ್ ಕೂಗಲು ಶುರು ಮಾಡುತ್ತದೆ. ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕತ್ತಲೆ ಎಂಬುದನ್ನು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ಅಮ್ಮನಿಗೆ ರಾತ್ರಿ ಎರಡು ಸಲ ಉಸಿರಾಟದ ಔಷಧಿ ಕೊಡುವ ನೆಬ್ಯುಲೈಸರ್ ಇಡಬೇಕು, ಹಾಗಾಗಿ ನನಗೆ ನಿದ್ದೆಯಿಲ್ಲ. ಸೋಲಾರ್ ಪ್ಯಾನಲ್ 330 ವಾಟ್, ಅದರಲ್ಲಿ ತೊಂದರೆಯಿಲ್ಲ. ಈ ಸಲ ಲಿಥಿಯಂ ಹಾಕಿಸುವುದೆಂದು ತೀರ್ಮಾನಿಸಿದ್ದೇನೆ. 100 ಎಎಚ್ ಸಾಕೇ, 150 ಬೇಕೇ, ಅಷ್ಟನ್ನು ಮಾತ್ರ ಹೇಳಿ.

ವರದಾತೀರ, ಸಾಗರ
100 ಸಾಕು. 12.8 ವೋಲ್ಟಿನ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಎಂದರೆ 1280 ವಾಟ್-ಅವರ್. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಧೈರ್ಯವಾಗಿ ಬಳಸಬಹುದು. ನಿಮ್ಮ ಟ್ಯೂಬುಲರ್ ಕಾಗದದ ಮೇಲೆ 1800, ಆದರೆ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸುವಂತಿಲ್ಲ. ನಾನು ಲಿಥಿಯಂ ಹಾಕಿ ಎರಡು ಮಳೆಗಾಲ ಕಳೆದಿದ್ದೇನೆ, ಮುಚ್ಚಳ ತೆಗೆದು ನೋಡುವ ಕೆಲಸವೇ ಇಲ್ಲ.

ಹಳೇಕೈ, ತೀರ್ಥಹಳ್ಳಿ
ಮೊದಲು ನೀರಿನ ಮಟ್ಟ ನೋಡಿದ್ದೀರಾ? ಎಷ್ಟೋ ಬ್ಯಾಟರಿಗಳು ಹಾಳಾಗುವುದು ನೀರು ಬತ್ತಿ. ಪ್ಲೇಟು ಒಮ್ಮೆ ಗಾಳಿಗೆ ತೆರೆದುಕೊಂಡರೆ ಆ ಭಾಗ ಹೋಯಿತು ಎಂದೇ ಲೆಕ್ಕ.

ಹೆಂಚಿನಮನೆ
ನೀರು ಸರಿಯಾಗಿದೆ. ತಿಂಗಳಿಗೊಮ್ಮೆ ನಾನೇ ನೋಡುತ್ತೇನೆ.

ಹಳೇಕೈ
ಯಾವ ನೀರು? ಬಾವಿಯದಾದರೆ ಅಲ್ಲೇ ಸಮಸ್ಯೆ. ನಮ್ಮ ಕಡೆಯ ನೀರಿನಲ್ಲಿ ಕಬ್ಬಿಣದ ಅಂಶವಿರುತ್ತದೆ.

ಅಡಿಕೆಸಾಲು, ಕೋಣಂದೂರು
ನಾನು ಹತ್ತು ವರ್ಷದಿಂದ ಮಳೆನೀರನ್ನೇ ಹಾಕುತ್ತಿದ್ದೇನೆ. ಏನೂ ಆಗಿಲ್ಲ.

ಹಳೇಕೈ
ಹೆಂಚಿನಿಂದ ಇಳಿದ ನೀರಿನಲ್ಲಿ ಹಾವಸೆ, ಎಲೆಯ ಕಸ, ಮಣ್ಣು ಎಲ್ಲವೂ ಇರುತ್ತದೆ. ಓದಿದವರು ದಯವಿಟ್ಟು ಹಾಗೆ ಮಾಡಬೇಡಿ.

ಅಡಿಕೆಸಾಲು
ಹೆಂಚಿನದೆಂದು ನಾನು ಎಲ್ಲಿ ಬರೆದೆ? ಅಂಗಳದ ನಡುವೆ ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಬಕೆಟ್ ಇಟ್ಟು, ಮೊದಲ ಅರ್ಧ ಗಂಟೆಯ ಮಳೆ ಬಿಟ್ಟು ಹಿಡಿಯುತ್ತೇನೆ. ಬಟ್ಟೆಯಲ್ಲಿ ಸೋಸುತ್ತೇನೆ. ನನ್ನ ಬ್ಯಾಟರಿ ಆರನೆಯ ವರ್ಷದಲ್ಲಿದೆ.

ಹಳೇಕೈ
ಡಿಸ್ಟಿಲ್ಡ್ ವಾಟರ್ ಅಂಗಡಿಯಲ್ಲೇ ಸಿಗುವಾಗ ಈ ಸಾಹಸವೇಕೆ?

ಅಡಿಕೆಸಾಲು
ಅಂಗಡಿಗೆ ಹೋಗಲು ಸೇತುವೆಯ ಮೇಲಿನ ನೀರು ಇಳಿಯಬೇಕಲ್ಲ.

ನಗರವಾಸಿ, ಶಿವಮೊಗ್ಗ
ಮನೆ ಚಾವಣಿಯ ಸೋಲಾರಿಗೆ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವಿದೆ. ಅದನ್ನೇ ಹಾಕಿಸಿದರೆ ಬ್ಯಾಟರಿಯ ಗೊಡವೆಯೇ ಇರುವುದಿಲ್ಲ. ನಮ್ಮ ಮನೆಯ ತಾರಸಿಯ ಮೇಲೆ ಆರು ಪ್ಯಾನಲ್ ಇವೆ, ಬೇಸಿಗೆಯಲ್ಲಿ ಬಿಲ್ಲೇ ಬರುವುದಿಲ್ಲ.

ವರದಾತೀರ
ಅದು ಬ್ಯಾಟರಿಯಿಲ್ಲದೆ ಗ್ರಿಡ್ಡಿಗೆ, ಅಂದರೆ ಕರೆಂಟ್ ಲೈನಿಗೆ ಜೋಡಿಸುವಂಥದ್ದು; ಅದರ ಇನ್ವರ್ಟರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯಬಾರದೆಂದೇ ಆ ವ್ಯವಸ್ಥೆ. ಅವರಿಗೆ ಬೇಕಾದದ್ದು ಕರೆಂಟ್ ಇಲ್ಲದ ರಾತ್ರಿಗೆ.

ಹಳ್ಳದಮನೆ, ಹೊಸನಗರ
ಹೆಂಚಿನಮನೆಯವರೇ, ನೀವು ಮೂರು ವಿಷಯ ಹೇಳಿಲ್ಲ. ಪ್ಯಾನಲಿನಿಂದ ಬ್ಯಾಟರಿ ತುಂಬಿಸುವ ಚಾರ್ಜ್ ಕಂಟ್ರೋಲರ್ ಯಾವುದು? ಪ್ಯಾನಲಿನ ಹಿಂದಿನ ಚೀಟಿಯಲ್ಲಿ ವೋಲ್ಟೇಜ್ ಎಷ್ಟಿದೆ? ಆರು ಕೋಶಗಳಲ್ಲಿ ಆಮ್ಲದ ಗಟ್ಟಿತನ ಅಳೆಯುವ ಹೈಡ್ರೋಮೀಟರ್ ಅಂಕಿಗಳೇನು? ಹೊಸದು ಕೊಳ್ಳುವ ಮೊದಲು ಹಳೆಯದು ಏಕೆ ಸತ್ತಿತೆಂದು ತಿಳಿಯಬೇಕು.

ಹೆಂಚಿನಮನೆ
ಬ್ಯಾಟರಿ ಯಾವುದು ಕೊಳ್ಳಲಿ ಎಂದು ಕೇಳಿದರೆ ಎಲ್ಲರೂ ನನ್ನನ್ನೇ ಪರೀಕ್ಷೆಗೆ ಕೂರಿಸುತ್ತಿದ್ದೀರಿ. ಆದರೂ ಮಳೆ ಹೊಳವಾದಾಗ ನೋಡಿದೆ. ಹೈಡ್ರೋಮೀಟರ್: 1170, 1175, 1170, 1165, 1170, 1175. ಪ್ಯಾನಲಿನ ಚೀಟಿಯಲ್ಲಿ 37 ವೋಲ್ಟ್, 8.9 ಆಂಪಿಯರ್. ಕಂಟ್ರೋಲರ್ ಮೇಲೆ ಪಿಡಬ್ಲ್ಯುಎಂ 20 ಆಂಪಿಯರ್ ಎಂದಿದೆ. ಹನ್ನೆರಡೂವರೆಗೆ ಇಪ್ಪತ್ತು ನಿಮಿಷ ಬಿಸಿಲು ಬಂದಾಗ ಮೀಟರಿನಲ್ಲಿ 13.1 ವೋಲ್ಟ್, 7.9 ಆಂಪಿಯರ್ ತೋರಿಸಿತು.

ಹಳ್ಳದಮನೆ
ಉತ್ತರ ನಿಮ್ಮ ಅಂಕಿಗಳಲ್ಲೇ ಇದೆ. ಒಂದು ಕೋಶ ಮಾತ್ರ ಬಿದ್ದಿದ್ದರೆ ಬ್ಯಾಟರಿಯ ದೋಷ ಎನ್ನಬಹುದಿತ್ತು. ತುಂಬಿದ ಬ್ಯಾಟರಿ 1240ರ ಮೇಲಿರಬೇಕು. ನಿಮ್ಮ ಆರೂ ಕೋಶಗಳು ಒಂದೇ ಸಮ ಕೆಳಗಿವೆ, ಅಂದರೆ ಅದಕ್ಕೆ ಹೊಟ್ಟೆ ತುಂಬುತ್ತಿಲ್ಲ. ಪಿಡಬ್ಲ್ಯುಎಂ ಕಂಟ್ರೋಲರ್ 37 ವೋಲ್ಟಿನ ಪ್ಯಾನಲನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು ಇಳಿಸುತ್ತದೆ, ಆದರೆ ಆಂಪಿಯರ್ ಹೆಚ್ಚುವುದಿಲ್ಲ. 13.1 ಅನ್ನು 7.9ರಿಂದ ಗುಣಿಸಿ: 103 ವಾಟ್. ಒಳ್ಳೆಯ ಬಿಸಿಲಿನಲ್ಲೇ ಇಷ್ಟು. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಇದ್ದರೆ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ನಿಮ್ಮ ಮೊದಲನೆಯದು ಹೋದದ್ದೂ ಹೀಗೆಯೇ ಇರಬೇಕು.

ಹಳೇಕೈ
ನೀರು ಕಡಿಮೆಯಾದರೂ ಅಂಕಿ ತಪ್ಪು ಬರುತ್ತದೆ.

ಹಳ್ಳದಮನೆ
ನೀರು ಬತ್ತಿದರೆ ಆಮ್ಲ ಗಟ್ಟಿಯಾಗಿ ಅಂಕಿ ಮೇಲೇರಬೇಕು ಸ್ವಾಮಿ, ಇಳಿಯಬಾರದು.

ವರದಾತೀರ
ಹಾಗಾದರೂ ಲಿಥಿಯಮ್ಮೇ ಸರಿ. ಅರೆಹೊಟ್ಟೆಯಲ್ಲಿದ್ದರೆ ಅದಕ್ಕೆ ಹಾನಿಯಿಲ್ಲ.

ಹಳ್ಳದಮನೆ
ಆ ಮಾತು ನಿಜ, ಮಲೆನಾಡಿನ ಮಟ್ಟಿಗೆ ಲಿಥಿಯಮ್ಮಿನ ದೊಡ್ಡ ಗುಣವೇ ಅದು. ಆದರೆ ಹಾಕಿದ್ದನ್ನಷ್ಟೇ ಅದು ಕೊಡುತ್ತದೆ. ಖರ್ಚು ಬರೆಯಿರಿ, ನೋಡೋಣ.

ಹೆಂಚಿನಮನೆ
9 ವಾಟಿನ ಐದು ದೀಪ, ಐದು ಗಂಟೆ. ಟಿವಿ 60 ವಾಟ್, ಎರಡು ಗಂಟೆ. ವೈಫೈ ರೂಟರ್ 10 ವಾಟ್, ದಿನವಿಡೀ. ನೆಬ್ಯುಲೈಸರ್ ಹತ್ತು ಹತ್ತು ನಿಮಿಷ. ಲೈನಿನ ಕರೆಂಟಿನಿಂದ ಬ್ಯಾಟರಿ ಚಾರ್ಜ್ ಆಗುವ ಸ್ವಿಚ್ಚನ್ನು ಮೊದಲಿನಿಂದಲೂ ಆಫ್ ಮಾಡಿಟ್ಟಿದ್ದೇವೆ, ಸೋಲಾರ್ ಇದೆಯಲ್ಲ.

ಹಳ್ಳದಮನೆ
ಇದನ್ನು ಮೊದಲೇ ಹೇಳಬೇಕಿತ್ತು! ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ 15 ವಾಟ್ ತಿಂದರೆ ದಿನಕ್ಕೆ 360 ವಾಟ್-ಅವರ್. ಅದಕ್ಕೆ ನಿಮ್ಮ ಪಟ್ಟಿಯನ್ನು ಕೂಡಿಸಿದರೆ ಒಟ್ಟು ಸಾವಿರದ ಹತ್ತಿರ. ಮೋಡದ ದಿನ ನಿಮ್ಮ ಪ್ಯಾನಲಿನಿಂದ 150 ಬಂದರೆ ಹೆಚ್ಚು. ಇವತ್ತೇ ಆ ಸ್ವಿಚ್ ಆನ್ ಮಾಡಿ. ದೀಪಾವಳಿಯವರೆಗೆ ಕರೆಂಟ್ ಬಂದಾಗಲೆಲ್ಲ ಬ್ಯಾಟರಿ ತುಂಬಲಿ. ಆಮೇಲೆ ಎಂಪಿಪಿಟಿ ಕಂಟ್ರೋಲರ್ ಹಾಕಿ, 30 ಆಂಪಿಯರಿನದು, ಪ್ಯಾನಲ್ ಕಡೆ 100 ವೋಲ್ಟ್ ತಡೆಯುವಂಥದ್ದು. ಅದು ವೋಲ್ಟೇಜ್ ಇಳಿಸುವಾಗ ಆಂಪಿಯರ್ ಏರಿಸುತ್ತದೆ. ಮುಂದೆ ಲಿಥಿಯಂ ತಂದರೂ ಉಪಯೋಗಕ್ಕೆ ಬರುತ್ತದೆ. ಆದರೆ ಕಂಟ್ರೋಲರ್, ಇನ್ವರ್ಟರ್ ಎರಡರಲ್ಲೂ ಲಿಥಿಯಂ ಆಯ್ಕೆ ಇರಬೇಕು. ಟ್ಯೂಬುಲರ್ ಸೆಟ್ಟಿಂಗಿನಲ್ಲಿ ಈಕ್ವಲೈಸ್ (ಕೋಶಗಳನ್ನು ಸಮ ಮಾಡುವ ಹೆಚ್ಚಿನ ಚಾರ್ಜ್) ಎಂದು 15 ವೋಲ್ಟ್ ದಾಟಿಸಿದರೆ ಲಿಥಿಯಮ್ಮಿನೊಳಗಿನ ರಕ್ಷಣಾ ಸರ್ಕ್ಯೂಟ್ ಬಿಎಂಎಸ್ ಕಡಿದುಕೊಂಡು ಮನೆಯಿಡೀ ಕತ್ತಲಾಗುತ್ತದೆ.

ಅಡಿಕೆಸಾಲು
ನಿಮ್ಮ ಮನೆಯಲ್ಲಿ ಯಾವ ಬ್ಯಾಟರಿ?

ಹಳ್ಳದಮನೆ
ಮಳೆಗಾಲದಲ್ಲಿ ನನಗೆ ಬ್ಯಾಟರಿಯೇ ಬೇಡ. ಗುಡ್ಡದ ಹಳ್ಳಕ್ಕೆ ಪೈಪ್ ಹಾಕಿ ಪುಟ್ಟ ಟರ್ಬೈನ್ ಕೂರಿಸಿದ್ದೇನೆ. 22 ಮೀಟರ್ ಎತ್ತರದಿಂದ ಇಳಿತ, ಸೆಕೆಂಡಿಗೆ 8 ಲೀಟರ್ ನೀರು. 800 ವಾಟ್ ಹಗಲು ರಾತ್ರಿ ಬರುತ್ತದೆ. ಮಳೆ ಜೋರಾದಷ್ಟೂ ನಮ್ಮ ಮನೆಗೆ ಬೆಳಕು.

ಹೆಂಚಿನಮನೆ
ಆರು ದಿನವಾಯಿತು. ಸ್ವಿಚ್ ಆನ್ ಮಾಡಿದೆ. ನಡುವೆ ಒಂದು ದಿನ ಕರೆಂಟೇ ಬರಲಿಲ್ಲ. ಇವತ್ತು ಹೈಡ್ರೋಮೀಟರ್ 1225, 1230, 1225, 1220, 1225, 1230. ನಿನ್ನೆ ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ನೆಬ್ಯುಲೈಸರ್ ಇಟ್ಟಾಗಲೂ ಇನ್ವರ್ಟರ್ ಕೂಗಲಿಲ್ಲ. ರೂಟರನ್ನು ರಾತ್ರಿ ಆಫ್ ಮಾಡುತ್ತಿದ್ದೇನೆ. ಎಂಪಿಪಿಟಿಗೆ ಹೇಳಿಟ್ಟಿದ್ದೇನೆ. ಹಳ್ಳದಮನೆಯವರೇ, ಮೊದಲು ಸಿಟ್ಟಿನಲ್ಲಿ ಬರೆದದ್ದಕ್ಕೆ ಕ್ಷಮಿಸಿ.

ವರದಾತೀರ
ಸಲ್ಫೇಟ್ ಹಿಡಿದ ಪ್ಲೇಟು ಪೂರ್ತಿ ಮರಳುವುದಿಲ್ಲ. ಬರುವ ವರ್ಷಕ್ಕೆ ಲಿಥಿಯಂ ಲೆಕ್ಕದಲ್ಲಿಟ್ಟುಕೊಳ್ಳಿ.

ಹಳೇಕೈ
1225 ಬಂದ ಬ್ಯಾಟರಿಯನ್ನು ಯಾರಾದರೂ ಎಸೆಯುತ್ತಾರೆಯೇ?

ಅಡಿಕೆಸಾಲು
ಹಳ್ಳದಮನೆಯವರೇ, ಆ ಪೈಪ್ ಎಷ್ಟು ಇಂಚಿನದು? ನಮ್ಮ ತೋಟದ ಮೇಲೂ ಒಂದು ಹಳ್ಳ ಹರಿಯುತ್ತದೆ.

ಹಳ್ಳದಮನೆ
ನಾಲ್ಕು ಇಂಚು. ನಿಮ್ಮ ಹಳ್ಳದಲ್ಲಿ ಕಾರ್ತಿಕದವರೆಗೆ ನೀರಿರುತ್ತದೆಯೇ?