ಬೊಟಿಕ್ ಶುರು ಮಾಡುವವರಿಗೆ ಕಲಿಕೆಯ ಆ್ಯಪ್: ಒಳಗೆ ಏನಿರಬೇಕು?

ಪ್ರಶ್ನೆ (ಹೊಲಿಗೆ ತರಬೇತಿ ಕೇಂದ್ರ, ದಾವಣಗೆರೆ)

ನಮ್ಮಲ್ಲಿ ಕೋರ್ಸ್ ಮುಗಿಸಿದ ಹೆಣ್ಣುಮಕ್ಕಳಿಗೆ ಕೈಕೆಲಸ ಚೆನ್ನಾಗಿ ಬರುತ್ತೆ. ಸ್ವಂತ ಬೊಟಿಕ್ ಅಂದಾಗ ಮಾತ್ರ ರೇಟು ಹೇಳೋದರಲ್ಲೇ ಎಡವ್ತಾರೆ. ಅವರಿಗೆ ಕನ್ನಡದಲ್ಲಿ ಒಂದು ಆಂಡ್ರಾಯ್ಡ್ ಆ್ಯಪ್ ಮಾಡಿಸೋಣ ಅಂತ ಇದ್ದೀವಿ. ಡೆವಲಪರ್ ಕೊಟ್ಟ ಪ್ಲಾನ್‌ನಲ್ಲಿ 60 ವಿಡಿಯೊ, ಕ್ವಿಜ್, ಕೊನೆಗೆ ಸರ್ಟಿಫಿಕೇಟ್ ಇದೆ. ಹೆಚ್ಚಿನವರ ಹತ್ತಿರ ಇರೋದು ಹಳೇ ಫೋನು, ಕೆಲವರ ಮನೆಯಲ್ಲಿ ಎಲ್ಲರಿಗೂ ಸೇರಿ ಒಂದೇ. ಈ ಪ್ಲಾನ್ ಸರಿ ಇದೆಯಾ? ತಿಳಿದವರು ಹೇಳಿ.

ಉತ್ತರ (ಆ್ಯಪ್ ವಿನ್ಯಾಸಕಿ)

60 ವಿಡಿಯೊ ಬೇಡ ಸರ್. ಹೊಲಿಗೆ ಕಲಿಸೋ ವಿಡಿಯೊ ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಸಿಗದೇ ಇರೋದು ಲೆಕ್ಕ. ಆ್ಯಪ್ ತೆರೆದ ತಕ್ಷಣ ಪಾಠಗಳ ಪಟ್ಟಿ ಬರೋದು ಬೇಡ, 'ಹೊಸ ಆರ್ಡರ್' ಅನ್ನೋ ಒಂದು ದೊಡ್ಡ ಬಟನ್ ಬರಲಿ. ಅದನ್ನು ಒತ್ತಿದರೆ ಅಳತೆ, ಬಟ್ಟೆ, ಖರ್ಚು, ರೇಟು, ಅಡ್ವಾನ್ಸ್, ಟ್ರಯಲ್, ಡೆಲಿವರಿ ಅಂತ ಒಂದಾದ ಮೇಲೊಂದು ಪರದೆ. ಪ್ರತಿ ಪರದೆಯ ಮೂಲೆಯಲ್ಲಿ ಅದೇ ಹಂತದ ಪಾಠ, ಮೂರು ನಿಮಿಷ ಮೀರಬಾರದು. ಹಂತಕ್ಕೆ ಎರಡರಂತೆ 14 ವಿಡಿಯೊ ಸಾಕು. ಪಕ್ಕದ ಮನೆಯವರ ನಿಜವಾದ ಬ್ಲೌಸ್ ಆರ್ಡರ್ ತುಂಬುತ್ತಾ ಕಲಿತದ್ದು ತಲೆಯಲ್ಲಿ ಉಳಿಯುತ್ತೆ. ಸುಮ್ಮನೆ ಸಾಲಾಗಿ ವಿಡಿಯೊ ಇಟ್ಟರೆ ಹೆಚ್ಚಿನವರು ಮೂರನೆಯದಕ್ಕೇ ಬಿಟ್ಟುಬಿಡ್ತಾರೆ.

ವಿಡಿಯೊಗೆ 480ಪಿ ಸ್ಪಷ್ಟತೆ, 400 ಕೆಬಿಪಿಎಸ್ (ಸೆಕೆಂಡಿಗೆ 400 ಕಿಲೋಬಿಟ್ ಡೇಟಾ) ಸಾಕು. ಧ್ವನಿಗೆ 48 ಕೆಬಿಪಿಎಸ್ ಸೇರಿಸಿದರೆ ಮೂರು ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತೆ. ಆದರೆ ಟೇಪಿನ ಗೆರೆ ಕಾಣಬೇಕಾದ ಕಡೆ ಆ ಗುಣಮಟ್ಟದಲ್ಲಿ ಅಂಕಿ ಮಸುಕಾಗುತ್ತೆ. ಅಲ್ಲಿ ಕ್ಯಾಮೆರಾವನ್ನು ಮೇಜಿನ ಮೇಲಿಂದ ನೇರ ಕೆಳಗೆ ಹಿಡಿದು, ಹತ್ತಿರದ ಸ್ಥಿರಚಿತ್ರ ಒಂದನ್ನು ನಾಲ್ಕು ಸೆಕೆಂಡ್ ನಿಲ್ಲಿಸಿ. ವಿಡಿಯೊಗಳನ್ನು ಆ್ಯಪ್ ಒಳಗೇ ತುಂಬಬೇಡಿ. ಹಂತಕ್ಕೆ ಬೇಕಾದಾಗ ಡೌನ್‌ಲೋಡ್ ಆಗಲಿ, ನೆಟ್ ಹೋದರೆ ನಿಂತಲ್ಲಿಂದಲೇ ಮುಂದುವರಿಯಲಿ, ನೋಡಿದ್ದನ್ನು ಅಳಿಸೋ ಬಟನ್ ಕಣ್ಣಿಗೆ ಬೀಳೋ ಹಾಗಿರಲಿ. ಫೋನ್ ತುಂಬಿದಾಗ ಮೊದಲು ಕಿತ್ತುಹಾಕೋದೇ ಇಂಥ ಆ್ಯಪ್‌ಗಳನ್ನು.

ಅಳತೆ ಬರೆಯೋ ಜಾಗದಲ್ಲಿ ಮಾಮೂಲಿ ನಂಬರ್ ಕೀಬೋರ್ಡ್ ಕೊಟ್ಟರೆ ಹದಿನಾಲ್ಕೂಕಾಲು ಇಂಚನ್ನು ಒಬ್ಬರು 14.25 ಅಂತ, ಇನ್ನೊಬ್ಬರು 14.1 ಅಂತ ಬರೀತಾರೆ. ಇಂಚು ಒಂದು ಚಕ್ರದಲ್ಲಿ, ಕಾಲು, ಅರ್ಧ, ಮುಕ್ಕಾಲು ಮತ್ತು ನಡುವಿನ ಅರೆಕಾಲುಗಳು ಇನ್ನೊಂದು ಚಕ್ರದಲ್ಲಿ ಇರಲಿ. ಒಳಗೆ ಇಂಚಿನ ಎಂಟನೇ ಭಾಗದ ಪೂರ್ಣಸಂಖ್ಯೆಯಾಗಿ ಉಳಿಸಿ, ಹದಿನಾಲ್ಕೂಕಾಲು ಅಂದರೆ 14.25 × 8 = 114.

ಕನ್ನಡದ ಒತ್ತಕ್ಷರ ಕೆಳಗೆ ಇಳಿಯೋದರಿಂದ ಬಟನ್ ಎತ್ತರ ಕಟ್ಟಿಹಾಕಿದರೆ 'ಲಕ್ಷ್ಮಿ' ಅನ್ನೋ ಹೆಸರಿನಲ್ಲಿ ಮ-ವತ್ತು ಕತ್ತರಿಸಿಹೋಗುತ್ತೆ. ಸಾಲಿನ ಎತ್ತರ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇರಲಿ, ಬಟನ್ ತಾನೇ ಹಿಗ್ಗಲಿ. ಮನೆಮಂದಿಗೆಲ್ಲ ಒಂದೇ ಫೋನ್ ಅಂದಿರಿ. ಹಾಗಾದರೆ ಆ್ಯಪ್‌ಗೆ ನಾಲ್ಕಂಕಿಯ ಪಿನ್ ಕಡ್ಡಾಯ, ಒಳಗಿರೋದು ಗಿರಾಕಿಗಳ ಮೈಅಳತೆ ಮತ್ತು ನಂಬರ್. ಅದನ್ನು ಫೋನಿನಲ್ಲೇ ಇಡಿ. ಬ್ಯಾಕಪ್‌ಗೆ ಸರ್ವರ್‌ಗೆ ಕಳಿಸೋದಾದರೆ ಗಿರಾಕಿಯ ಒಪ್ಪಿಗೆ ಕೇಳೋ ಸಾಲೊಂದು ಅಳತೆ ಪರದೆಯಲ್ಲೇ ಇರಲಿ.

ಉತ್ತರ (ಬೊಟಿಕ್ ಕಾಸ್ಟಿಂಗ್ ಕಲಿಸುವವರು)

ಮೇಡಂ ಹೇಳಿದ 'ಖರ್ಚು' ಪರದೆಯೇ ಆ್ಯಪ್‌ನ ಜೀವ. ಲೈನಿಂಗ್ ಬ್ಲೌಸ್ ಒಂದನ್ನು ಉದಾಹರಣೆಗೆ ತಗೊಳ್ಳಿ, ಅಂಕಿಗಳನ್ನು ನಿಮ್ಮೂರಿನ ದರಕ್ಕೆ ಬದಲಿಸಿಕೊಳ್ಳಿ. ಲೈನಿಂಗ್ ಬಟ್ಟೆ ₹60. ದಾರ, ಹುಕ್ಕು, ಡೋರಿ ₹25. ಎರಡೂವರೆ ಗಂಟೆ ಕೆಲಸ, ಗಂಟೆಗೆ ₹80ರಂತೆ ₹200. ಬಾಡಿಗೆ, ಕರೆಂಟು, ಮಷಿನ್ ಸರ್ವಿಸ್ ಸೇರಿ ತಿಂಗಳಿಗೆ ₹5,000, ತಿಂಗಳಿಗೆ 100 ಬ್ಲೌಸ್ ಅಂದರೆ ಒಂದಕ್ಕೆ ₹50. ಮತ್ತೆ ಬಿಚ್ಚಿ ಹೊಲಿಯೋ ಕೆಲಸಕ್ಕೆ ₹17 ಇಡಿ. ಒಟ್ಟು ₹352.

ಎಲ್ಲರೂ ಜಾರೋದು ಇಲ್ಲಿಂದ ಮುಂದೆ. 20% ಲಾಭ ಬೇಕು ಅಂತ 352ಕ್ಕೆ 20% ಕೂಡಿಸಿ ₹422 ಹೇಳ್ತಾರೆ. ಅದರಲ್ಲಿ ಉಳಿಯೋದು ಮಾರಿದ ಬೆಲೆಯ ಹದಿನೇಳು ಪರ್ಸೆಂಟು ಕೂಡ ಇಲ್ಲ. ಮಾರಿದ ಬೆಲೆಯಲ್ಲಿ 20% ಉಳಿಯಬೇಕಾದರೆ 352ನ್ನು 0.8ರಿಂದ ಭಾಗಿಸಬೇಕು, ₹440 ಬರುತ್ತೆ. ಬ್ಲೌಸಿಗೆ ₹18 ವ್ಯತ್ಯಾಸ, ನೂರಕ್ಕೆ ₹1,800. ಆ್ಯಪ್ ಎರಡನ್ನೂ ಅಕ್ಕಪಕ್ಕ ತೋರಿಸಲಿ.

ಬಾಡಿಗೆಯನ್ನು ಆಯಾ ತಿಂಗಳ ಆರ್ಡರ್‌ಗೆ ಹಂಚಬೇಡಿ. ಆಷಾಢದಲ್ಲಿ 40 ಬ್ಲೌಸ್ ಮಾತ್ರ ಬಂದರೆ ಒಂದಕ್ಕೆ ₹125 ಬಿದ್ದು, ರೇಟು ನೋಡಿ ಹುಡುಗಿ ಗಾಬರಿ ಆಗ್ತಾಳೆ. ವರ್ಷದ ಆರ್ಡರ್ ಮೇಲೆ ಹಂಚಿ. ಶ್ರಾವಣದ ಕಥೆ ಉಲ್ಟಾ. ವರಮಹಾಲಕ್ಷ್ಮಿಗೆ ಹತ್ತು ದಿನ ಇದೆ, ದಿನಕ್ಕೆ ಆರು ಗಂಟೆ ಕೂರ್ತಾಳೆ ಅಂದರೆ 60 ಗಂಟೆ, 24 ಬ್ಲೌಸ್. 25ನೆಯದು ಒಪ್ಪಿಕೊಳ್ಳುವಾಗ ಪರದೆ ಕೆಂಪಾಗಬೇಕು. ಮಾತು ತಪ್ಪಿದರೆ ಹೋಗೋದು ಒಬ್ಬ ಗಿರಾಕಿ ಅಲ್ಲ, ಇಡೀ ಬೀದಿ.

ಬಟ್ಟೆ ಲೆಕ್ಕಕ್ಕೆ ಮೊದಲು ಅಗಲ ಕೇಳಿ: 36, 44, 58 ಇಂಚು, ಜೊತೆಗೆ 'ಬೇರೆ'. ಗುಳೇದಗುಡ್ಡದ ಖಣದ ಅಗಲ ಕಡಿಮೆ, ಅದಕ್ಕೆ 'ಬೇರೆ' ಬೇಕೇ ಬೇಕು. ಕಾಟನ್ ಆದರೆ 3ರಿಂದ 5% ಕುಗ್ಗುತ್ತೆ. 40 ಇಂಚಿನ ಕುರ್ತಾ 4% ಕುಗ್ಗಿದರೆ ಒಂದೂವರೆ ಇಂಚಿಗೂ ಹೆಚ್ಚು ಮೇಲೇರುತ್ತೆ. ಲೈನಿಂಗ್ ನೆನೆಸಿ ಒಣಗಿಸದೆ ಹೊಲಿದರೆ ಮೊದಲ ಒಗೆತಕ್ಕೇ ಒಳಬಟ್ಟೆ ಕುಗ್ಗಿ ಮೇಲಿನ ರೇಷ್ಮೆ ಸುಕ್ಕುಗಟ್ಟುತ್ತೆ. 'ಲೈನಿಂಗ್ ನೆನೆಸಿದ್ದೀರಾ?' ಅನ್ನೋದಕ್ಕೆ ಟಿಕ್ ಹಾಕದೆ ಮುಂದಿನ ಪರದೆ ತೆರೆಯಬಾರದು.

ಪ್ರಶ್ನೆ ಕೇಳಿದವರು

ತುಂಬಾ ಉಪಯೋಗ ಆಯ್ತು ಮೇಡಂ, ಸರ್. ಜಿಎಸ್‌ಟಿ, ಸಾಲ ಇವಕ್ಕೂ ವಿಡಿಯೊ ಮಾಡ್ಬೇಕಾ?

ಉತ್ತರ (ಲೆಕ್ಕಪರಿಶೋಧಕರು)

ದರಗಳನ್ನು ವಿಡಿಯೊದಲ್ಲಿ ಹೇಳಲೇಬೇಡಿ. ಮೊದಲು ₹1,000ವರೆಗಿನ ಸಿದ್ಧ ಉಡುಪಿಗೆ 5%, ಅದಕ್ಕಿಂತ ಹೆಚ್ಚಿನದಕ್ಕೆ 12% ಇತ್ತು. 2025ರ ಸೆಪ್ಟೆಂಬರ್ 22ರಿಂದ ₹2,500ವರೆಗೆ 5%, ಮೇಲಿನದಕ್ಕೆ 18%. ಹಳೇ ದರ ಹೇಳಿದ ವಿಡಿಯೊ ಎಲ್ಲ ಆವತ್ತೇ ರದ್ದಿ. ದರ ಸರ್ವರ್‌ನಿಂದ ಬರೋ ಕಾರ್ಡ್‌ನಲ್ಲಿರಲಿ, ಪಕ್ಕದಲ್ಲಿ 'ಈ ದಿನಾಂಕದಿಂದ' ಅಂತ ಬರೆದಿರಲಿ.

ವಿಡಿಯೊ ಮಾಡಬೇಕಾದ್ದು ಬದಲಾಗದ ವಿಷಯಕ್ಕೆ. ಗಿರಾಕಿ ತಂದ ಬಟ್ಟೆ ಹೊಲಿದರೆ ಅದು ಸೇವೆ, ತಾನೇ ಹೊಲಿದಿಟ್ಟ ಕುರ್ತಾ ಮಾರಿದರೆ ಸರಕು. ಈಗ ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು ₹40 ಲಕ್ಷ ದಾಟಿದಾಗ, ಸೇವೆ ಇದ್ದವರಿಗೆ ₹20 ಲಕ್ಷ ದಾಟಿದಾಗ ನೋಂದಣಿ. ಎರಡೂ ಮಾಡುವವರು 20ನ್ನೇ ಹಿಡಿಯಬೇಕು. ಇನ್‌ಸ್ಟಾಗ್ರಾಮ್ ನೋಡಿ ಪುಣೆಯವರು ಕುರ್ತಾ ತರಿಸಿಕೊಂಡರೆ ಅದು ಹೊರರಾಜ್ಯದ ಮಾರಾಟ, ಅದಕ್ಕೆ ಈ ಮಿತಿ ಲೆಕ್ಕಕ್ಕಿಲ್ಲ, ಮೊದಲೇ ನೋಂದಣಿ ಬೇಕು. ಎಷ್ಟೋ ಜನ ಸಿಕ್ಕಿಬೀಳೋದು ಇಲ್ಲೇ.

ಉದ್ಯಮ್ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ) ನೋಂದಣಿ ಉಚಿತ, ದುಡ್ಡು ಕೇಳೋ ವೆಬ್‌ಸೈಟ್ ಸರ್ಕಾರದ್ದಲ್ಲ ಅಂತ ಒಂದು ಸಾಲು ಹಾಕಿ. ಕುಶಲಕರ್ಮಿಗಳಿಗೆ ಇರೋ ಕೇಂದ್ರದ ಯೋಜನೆ ಪಿಎಂ ವಿಶ್ವಕರ್ಮದಲ್ಲಿ ದರ್ಜಿ ಕೆಲಸವೂ ಸೇರಿದೆ: ಉಪಕರಣಕ್ಕೆ ₹15,000, ಮೊದಲ ಕಂತಿನಲ್ಲಿ 5% ಬಡ್ಡಿಗೆ ₹1 ಲಕ್ಷದವರೆಗೆ ಸಾಲ.

ಉತ್ತರ (ಆ್ಯಪ್ ವಿನ್ಯಾಸಕಿ)

ಸರ್ಟಿಫಿಕೇಟ್ ಬಗ್ಗೆ ಹೇಳೋದು ಬಿಟ್ಟುಹೋಗಿತ್ತು. ಕ್ವಿಜ್‌ಗೆ ಕೊಡಬೇಡಿ, ಐದು ಆರ್ಡರ್‌ನ ಖರ್ಚಿನ ಹಾಳೆ ಪೂರ್ತಿ ತುಂಬಿ ಡೆಲಿವರಿ ಆದ ಮೇಲೆ ಕೊಡಿ.

ಇನ್ನೊಂದು ವಿಷಯ. ಪ್ಲೇ ಸ್ಟೋರ್‌ನಲ್ಲಿ ಹೊಸ ವೈಯಕ್ತಿಕ ಖಾತೆಯಿಂದ ಹಾಕೋದಾದರೆ ಮೊದಲು ಕನಿಷ್ಠ 12 ಜನ ಸತತ 14 ದಿನ ಪರೀಕ್ಷಕರಾಗಿ ಸೇರಿರಬೇಕು. ಮಧ್ಯೆ ಒಬ್ಬರು ಹೊರಗೆ ಹೋಗಿ 11 ಆದರೂ ಕಷ್ಟ, 18-20 ಜನರನ್ನು ಸೇರಿಸಿಕೊಳ್ಳಿ. ನಿಮ್ಮ ಈಗಿನ ಬ್ಯಾಚ್‌ನವರೇ ಸಾಕು, ಕೋರ್ಸ್ ಮುಗಿಯೋ ಮೊದಲೇ ಅವರ ಜಿಮೇಲ್ ವಿಳಾಸ ಬರೆಸಿಕೊಳ್ಳಿ. ಕೈಗೆ ಫೋನ್ ಕೊಟ್ಟು ಏನೂ ವಿವರಿಸದೆ ಒಂದು ಬ್ಲೌಸ್ ಆರ್ಡರ್ ತುಂಬಿಸಿ, ಬೆರಳು ಎಲ್ಲಿ ನಿಲ್ಲುತ್ತೆ ಅಂತ ಗುರುತು ಹಾಕಿಕೊಳ್ಳಿ. ಡೆವಲಪರ್‌ಗೆ ಕೊನೆಯ ಕಂತಿನ ದುಡ್ಡು ಅದಾದ ಮೇಲೆ ಕೊಡಿ.